ಎಸಿ 22ಕ್ಕೆ ಇಟ್ಟರೂ ಅಂಗಡಿಯಲ್ಲಿ ತೇವ ಹೋಗ್ತಿಲ್ಲ, ಸೈಕ್ರೋಮೆಟ್ರಿಕ್ ಚಾರ್ಟ್ ನೋಡಿ ಕಾರಣ ಹಿಡಿಯಬಹುದಾ?

ಹಿಡಿಯಬಹುದು. ಗಾಳಿಯ ಉಷ್ಣತೆ, ಅದರಲ್ಲಿರುವ ನೀರಾವಿ ಎರಡನ್ನೂ ಒಂದೇ ಕಡೆ ತೋರಿಸುವ ನಕ್ಷೆ ಈ ಚಾರ್ಟ್. ನಿಮ್ಮದು ಮಂಗಳೂರಿನ ಬಟ್ಟೆ ಅಂಗಡಿ, ಡಕ್ಟ್ ಎಸಿ. 22 ಡಿಗ್ರಿ ಇಟ್ಟರೂ ಮೀಟರ್ 70% ಆರ್‌ಎಚ್ (ರಿಲೇಟಿವ್ ಹ್ಯೂಮಿಡಿಟಿ, ಆ ಉಷ್ಣತೆಯ ಗಾಳಿ ಹಿಡಿಯಬಲ್ಲ ನೀರಾವಿಯಲ್ಲಿ ಈಗ ಎಷ್ಟು ಪಾಲು ಇದೆ ಅನ್ನುವುದು) ತೋರಿಸುತ್ತದೆ, ಬಟ್ಟೆಗೆ ಮುಗ್ಗಲು ವಾಸನೆ. ಮೆಕ್ಯಾನಿಕ್ "20ಕ್ಕೆ ಇಳಿಸಿ" ಅಂದಿದ್ದಾರೆ. ನಾನು ಎಸಿ ಡಿಸೈನ್ ಕೆಲಸದವನು. ನಿಮ್ಮ ಅಂಗಡಿಯನ್ನೇ ಚಾರ್ಟ್ ಮೇಲೆ ಇಟ್ಟು ನೋಡೋಣ.

ಚಾರ್ಟ್‌ನಲ್ಲಿ ಗೆರೆಗಳ ಜಾತ್ರೆಯೇ ಇದೆ. ಸದ್ಯಕ್ಕೆ ಮೂರು ಸಾಕು. ಕೆಳಗೆ ಅಡ್ಡಕ್ಕೆ ಇರುವುದು ಸಾಮಾನ್ಯ ಥರ್ಮಾಮೀಟರ್ ತೋರಿಸುವ ಉಷ್ಣತೆ, ಅಂದರೆ ಡ್ರೈ ಬಲ್ಬ್. ಬಲಗಡೆ ನೇರ ನಿಂತಿರುವ ಅಳತೆ, ಒಂದು ಕೆಜಿ ಒಣ ಗಾಳಿಯ ಜೊತೆ ಎಷ್ಟು ಗ್ರಾಂ ನೀರಾವಿ ಇದೆ ಅನ್ನುವುದು. ಬಾಗಿದ ಗೆರೆಗಳು ಆರ್‌ಎಚ್. ಎಡತುದಿಯ ಬಾಗು 100%, ಅದನ್ನು ಮುಟ್ಟಿದರೆ ಆವಿ ನೀರಾಗುತ್ತದೆ.

ಈಗ 22 ಡಿಗ್ರಿಯಿಂದ ಮೇಲೆ ಹೋಗಿ 70% ಬಾಗಿನ ಮೇಲೆ ಚುಕ್ಕೆ ಇಡಿ. ಬಲಕ್ಕೆ ಹೋದರೆ ಸುಮಾರು 11.6 ಗ್ರಾಂ. ಅದೇ ಚುಕ್ಕೆಯಿಂದ ಎಡಕ್ಕೆ ಹೋದರೆ 100% ಬಾಗನ್ನು ಮುಟ್ಟುವುದು 16 ಡಿಗ್ರಿ ದಾಟಿದಲ್ಲಿ. ಅದು ಡ್ಯೂ ಪಾಯಿಂಟ್, ಅಂದರೆ ಆವಿ ನೀರಾಗಲು ಶುರುವಾಗುವ ಉಷ್ಣತೆ. ನಿಮ್ಮ ಗ್ರಿಲ್‌ನಿಂದ (ಎಸಿ ಗಾಳಿ ಹೊರಬರುವ ಜಾಲರಿ) ನೀರು ತೊಟ್ಟಿಕ್ಕುತ್ತಿದ್ದರೆ ಕಾರಣ ಇದೇ, ಅದು ಡ್ಯೂ ಪಾಯಿಂಟ್‌ಗಿಂತ ತಣ್ಣಗಿದೆ.

ಮೆಕ್ಯಾನಿಕ್ ಹೇಳಿದಂತೆ 20ಕ್ಕೆ ಇಳಿಸಿದಿರಿ ಅನ್ನಿ, ಆದರೆ ನೀರು ಹೊರಗೆ ಹೋಗಲಿಲ್ಲ. ಚುಕ್ಕೆ ಸುಮ್ನೆ ಎಡಕ್ಕೆ ಜರುಗುತ್ತದೆ, ಗ್ರಾಂ ಅಷ್ಟೇ ಇರುತ್ತದೆ. ಆರ್‌ಎಚ್ ಮಾತ್ರ 79%ಕ್ಕೆ ಏರುತ್ತದೆ. ಬಿಲ್ ಜಾಸ್ತಿ, ಮುಗ್ಗಲು ವಾಸನೆಯೂ ಜಾಸ್ತಿ. ಅದಕ್ಕೇ ನಾನು ಮೊದಲು ನೋಡುವುದು ಗ್ರಾಂ, ಆಮೇಲೆ ಆರ್‌ಎಚ್. ನಿಮಗೆ ಬೇಕಾಗಿರುವುದು 24 ಡಿಗ್ರಿ, 50%. ಅಲ್ಲಿ ಇರುವುದು 9.3 ಗ್ರಾಂ.

ಅಷ್ಟಕ್ಕೆ ಇಳಿಸಲು ಕಾಯಿಲ್ (ಎಸಿ ಒಳಗೆ ಗಾಳಿಯನ್ನು ತಣಿಸುವ ತಣ್ಣನೆ ಕೊಳವೆ ಸುರುಳಿ) ಏನು ಮಾಡಬೇಕು? ಹೊರಗೆ 32 ಡಿಗ್ರಿ, 70% ಅಂದುಕೊಳ್ಳಿ. ಅಲ್ಲಿ 21 ಗ್ರಾಂ ಇದೆ, ನಮಗೆ ಬೇಕಾದ 9.3ರ ಎರಡು ಪಟ್ಟಿಗೂ ಮೀರಿ! ಇದರಲ್ಲಿ ಐದನೇ ಒಂದು ಪಾಲನ್ನು ಫ್ರೆಶ್ ಏರ್ ಆಗಿ ತಗೊಂಡು, ಉಳಿದದ್ದು ಒಳಗಿನ 24 ಡಿಗ್ರಿ, 50% ಗಾಳಿಯೇ ಆದರೆ, ಮಿಶ್ರಣದ ಚುಕ್ಕೆ ಆ ಎರಡು ಚುಕ್ಕೆಗಳನ್ನು ಸೇರಿಸುವ ಗೆರೆಯ ಮೇಲೇ ಬರುತ್ತದೆ: 25.6 ಡಿಗ್ರಿ, 11.7 ಗ್ರಾಂ. ಅದು ಕಾಯಿಲ್ ದಾಟಿ 13 ಡಿಗ್ರಿ, 8.9 ಗ್ರಾಂ ಆಗಿ ಹೊರಬರಬೇಕು. ಓರೆಯಾಗಿರುವ ಎನ್‌ಥಾಲ್ಪಿ (ಗಾಳಿ ಮತ್ತು ಅದರ ಆವಿಯಲ್ಲಿರುವ ಒಟ್ಟು ಶಾಖ) ಗೆರೆಗಳಲ್ಲಿ ಓದಿದರೆ ಕೆಜಿಗೆ ಸುಮಾರು 20 ಕಿಲೋಜೂಲ್ ಇಳಿಕೆ. ಸೆಕೆಂಡಿಗೆ 1.2 ಕೆಜಿ ಗಾಳಿ ಹರಿದರೆ 24 ಕಿಲೋವ್ಯಾಟ್, ಅಂದರೆ ಏಳು ಟನ್‌ಗೆ ಸ್ವಲ್ಪ ಕಡಿಮೆ. ಅದರಲ್ಲಿ ಮೂರನೇ ಒಂದು ಪಾಲಿಗಿಂತ ಜಾಸ್ತಿ ಬರೀ ನೀರು ತೆಗೆಯಲು ಹೋಗುತ್ತದೆ. ಡ್ರೈನ್ ಪೈಪಿನಲ್ಲಿ ಗಂಟೆಗೆ 12 ಲೀಟರ್ ಬರಬೇಕು. ನಿಮ್ಮಲ್ಲಿ ಬಕೆಟ್ ಇಟ್ಟು ನೋಡಿ.

(ಎಸಿಯ ಇತಿಹಾಸವೇ ನೀರಿನಿಂದ ಶುರು. 1902ರಲ್ಲಿ ಬ್ರೂಕ್ಲಿನ್‌ನ ಒಂದು ಮುದ್ರಣಾಲಯದಲ್ಲಿ ಕಾಗದ ತೇವ ಕುಡಿದು ಹಿಗ್ಗುತ್ತಿತ್ತು, ಬಣ್ಣಗಳು ಸರಿಯಾಗಿ ಕೂರುತ್ತಿರಲಿಲ್ಲ. ಅದನ್ನು ಸರಿಪಡಿಸಲು ಹೊರಟವರು ವಿಲಿಸ್ ಕ್ಯಾರಿಯರ್. ಈ ಚಾರ್ಟಿನ ಹಿಂದಿನ ಲೆಕ್ಕವನ್ನು 1911ರಲ್ಲಿ ಮಂಡಿಸಿದವರೂ ಅವರೇ.)

ನನ್ನ ಅನುಮಾನ, ನಿಮ್ಮ ಎಸಿ ಬೇಕಾದ್ದಕ್ಕಿಂತ ದೊಡ್ಡದು. ಬೇಗ 22 ಮುಟ್ಟಿ ಕಂಪ್ರೆಸರ್ ನಿಲ್ಲುತ್ತದೆ. ಫ್ಯಾನ್ ಓಡುತ್ತಲೇ ಇದ್ದರೆ ಕಾಯಿಲ್‌ಗೆ ಅಂಟಿದ ನೀರು ಮತ್ತೆ ಆವಿಯಾಗಿ ಅಂಗಡಿಗೇ ವಾಪಸ್. ಮಳೆಗಾಲದಲ್ಲಿ ಇದು ಇನ್ನೂ ಕೆಟ್ಟದು. ಹೊರಗೆ 26 ಡಿಗ್ರಿ, 90% ಇದ್ದಾಗ ತಂಪು ಅನಿಸುತ್ತದೆ, ಆದರೆ ಗಾಳಿಯಲ್ಲಿ 19 ಗ್ರಾಂ ನೀರಿದೆ. ಉಷ್ಣತೆ ಮಾತ್ರ ಅಳೆಯುವ ಥರ್ಮೋಸ್ಟಾಟ್‌ಗೆ ಅದು ಕಾಣುವುದಿಲ್ಲ ಅಲ್ವಾ? ಹಾಗಾಗಿ 24ಕ್ಕೆ ಇಟ್ಟು ಫ್ಯಾನ್ ಆಟೋಗೆ ಹಾಕಿ. ಫ್ಯಾನ್ ವೇಗ ಕಡಿಮೆ ಮಾಡಿ, ಆಗ ಕಾಯಿಲ್ ಇನ್ನೂ ತಣ್ಣಗಾಗಿ ನೀರು ಚೆನ್ನಾಗಿ ಹಿಡಿಯುತ್ತದೆ. ಬಾಗಿಲು ತೆರೆದಿಡಬೇಡಿ. ಮಳೆಗಾಲಕ್ಕೆ ಒಂದು ಡೀಹ್ಯೂಮಿಡಿಫೈಯರ್ (ಗಾಳಿಯ ತೇವ ತೆಗೆಯುವ ಯಂತ್ರ) ತಗೊಂಡರೂ ತಪ್ಪಿಲ್ಲ.

ರಾಯಚೂರಿನ ಸಂಬಂಧಿಕರ ಮನೆಯಲ್ಲಿ ಕೂಲರ್ ಸಾಕಾಗುತ್ತದೆ, ಇಲ್ಲಿ ಹಾಕಬಹುದಾ ಅಂತಲೂ ಕೇಳಿದ್ದೀರಿ. ಬೇಡ. ಕೂಲರ್ ನೀರನ್ನು ಆವಿ ಮಾಡಿ ಗಾಳಿ ತಣಿಸುತ್ತದೆ, ಹಾಗಾಗಿ ಚುಕ್ಕೆ ವೆಟ್ ಬಲ್ಬ್ ಗೆರೆಯ ಮೇಲೆ ಎಡಕ್ಕೆ ಹತ್ತುತ್ತದೆ. ವೆಟ್ ಬಲ್ಬ್ ಅಂದರೆ ಒದ್ದೆ ಬಟ್ಟೆ ಸುತ್ತಿದ ಥರ್ಮಾಮೀಟರ್ ತೋರಿಸುವ ಉಷ್ಣತೆ, ಕೂಲರ್ ಅದಕ್ಕಿಂತ ಕೆಳಗೆ ಇಳಿಸಲಾರದು. ಅಲ್ಲಿನ 40 ಡಿಗ್ರಿ, 20% ಗಾಳಿಯ ವೆಟ್ ಬಲ್ಬ್ ಸುಮಾರು 22, ಹಾಗಾಗಿ ಒಳ್ಳೆಯ ಕೂಲರ್ 26ರ ಗಾಳಿ ಕೊಡುತ್ತದೆ. ನಿಮ್ಮ 32 ಡಿಗ್ರಿ, 70% ಗಾಳಿಯ ವೆಟ್ ಬಲ್ಬ್ 27. ಸಿಗುವುದು 28 ಡಿಗ್ರಿಯ ಒದ್ದೆ ಗಾಳಿ.

ಇನ್ನೊಂದು ಮಾತು. ಮಾಮೂಲಿ ಚಾರ್ಟ್ ಸಮುದ್ರ ಮಟ್ಟದ್ದು, ಮಂಗಳೂರಿಗೆ ಸರಿ. ಬೆಂಗಳೂರು 900 ಮೀಟರ್ ಮೇಲಿದೆ, ಅಲ್ಲಿ ಅದೇ 24 ಡಿಗ್ರಿ, 50% ಅಂದರೆ 10.4 ಗ್ರಾಂ. ಅಲ್ಲಿಗೆ ಎತ್ತರದ ಚಾರ್ಟ್ ಬೇಕು.

ಗ್ರಿಲ್ ಬಾಯಲ್ಲಿ ಮತ್ತು ರಿಟರ್ನ್ (ಗಾಳಿ ಎಸಿಗೆ ವಾಪಸ್ ಹೋಗುವ ಜಾಗ) ಬಳಿ ಉಷ್ಣತೆ, ಆರ್‌ಎಚ್ ಅಳೆದು ಕಮೆಂಟ್‌ನಲ್ಲಿ ಹಾಕಿ. ಕಂಪ್ರೆಸರ್ ಓಡುತ್ತಿರುವಾಗ ಒಮ್ಮೆ, ನಿಂತಾಗ ಒಮ್ಮೆ. ನನ್ನ ಅನುಮಾನ ನಿಜವೋ ಸುಳ್ಳೋ ಅದರಲ್ಲೇ ಗೊತ್ತಾಗುತ್ತದೆ.