‘ಶಂಕರ್ ನಾಗ್ ಅಲ್ಲ ಸಾರ್, ಶಂಕ್ರನಾಗ್’

ಪ್ರಶ್ನೆ: ನನ್ನ ಹೆಸರು ಶಂಕ್ರನಾಗ್. ಟೈಪಿಂಗ್ ತಪ್ಪಲ್ಲ ಸಾರ್, ಹೆಸರೇ ಹಾಗೆ. ಹುಟ್ಟಿದ್ದು 1990ರ ಅಕ್ಟೋಬರ್‌ನಲ್ಲಿ, ಶಂಕರ್ ನಾಗ್ ತೀರಿಕೊಂಡು ಮೂರು ವಾರ ಆಗಿತ್ತು. ಅಪ್ಪ ಯಶವಂತಪುರದಲ್ಲಿ ಆಟೋ ಓಡಿಸುತ್ತಿದ್ದರು. ಗಾಡಿ ಹಿಂದೆ ಶಂಕ್ರಣ್ಣನ ಚಿತ್ರ, ಮನೆಯಲ್ಲಿ ನಾನು. ಶಾಲೆಗೆ ಸೇರಿಸುವಾಗ ಅಪ್ಪ ಬಾಯಲ್ಲಿ ಹೇಳಿದ್ದನ್ನೇ ಅಲ್ಲಿಯವರು ಬರೆದುಕೊಂಡರಂತೆ. ಇಂಗ್ಲಿಷಿನಲ್ಲೂ ಒಂದೇ ಪದ, ‘ಕೆ’ ಆದ ಮೇಲೆ ನೇರ ‘ಆರ್’. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ‘ಶಂಕ್ರನಾಗ್ ಎಂ.’ ಇದೆ. ಆಧಾರ್‌ನಲ್ಲಿ ಇಂಗ್ಲಿಷ್ ಸರಿಯಿದೆ, ಕನ್ನಡದಲ್ಲಿ ‘ಶಾಂಕ್ರಾನಾಗ’ ಆಗಿದೆ. ಪ್ಯಾನ್ ಕಾರ್ಡ್ ಮಾಡಿಸಿಕೊಟ್ಟ ಅಂಗಡಿಯವನು ‘ಸ್ಪೆಲಿಂಗ್ ತಪ್ಪಾಗಿದೆ’ ಅಂತ ತಾನೇ ‘ಶಂಕರ್ ನಾಗ್’ ಮಾಡಿಬಿಟ್ಟ. ಬ್ಯಾಂಕಿನಲ್ಲೂ ಅದೇ. ಮಗಳ ಜನನ ಪ್ರಮಾಣಪತ್ರದಲ್ಲಿ ತಂದೆಯ ಹೆಸರೂ ಅದೇ. ಈಗ ಅವಳನ್ನು ಒಂದನೇ ಕ್ಲಾಸಿಗೆ ಸೇರಿಸಬೇಕು. ನನ್ನ ಆಧಾರ್ ಹೊಂದುತ್ತಿಲ್ಲ ಅನ್ನುತ್ತಾರೆ. ಸಾಲದ್ದಕ್ಕೆ ಅರ್ಜಿಯಲ್ಲಿ ಅವಳ ಸರ್‌ನೇಮ್ ‘ನಾಗ್’ ಅಂತ ಹಾಕಿದ್ದಾರೆ. ಗೆಜೆಟ್ ಮಾಡಿಸಿ ಹೆಸರನ್ನೇ ಸರಿ ಮಾಡಿಕೊಂಡುಬಿಡು ಅಂತ ಎಲ್ಲರೂ ಹೇಳುತ್ತಾರೆ. ಅಪ್ಪನಿಗೆ ಬೇಜಾರಾಗುತ್ತೆ. ಮುಂದಿನ ವರ್ಷ ದುಬೈಗೆ ಹೋಗುವ ಯೋಚನೆಯೂ ಇದೆ, ಪಾಸ್‌ಪೋರ್ಟ್ ಇನ್ನೂ ಮಾಡಿಸಿಲ್ಲ. ಏನು ಮಾಡಲಿ?
– ಶಂಕ್ರನಾಗ್, ಮಹಾಲಕ್ಷ್ಮಿ ಲೇಔಟ್

ಉತ್ತರ: ಹೆಸರು ಬದಲಾಯಿಸಬೇಡಿ ಶಂಕ್ರನಾಗ್ ಅವರೇ. ನಿಮ್ಮ ಹೆಸರು ಸರಿಯಾಗಿಯೇ ಇದೆ. ತಪ್ಪಾಗಿರುವುದು ಪ್ಯಾನ್ ಕಾರ್ಡು.

‘ಸರಿಯಾದ’ ಹೆಸರು ಯಾವುದು ಅನ್ನುವುದನ್ನು ಮೊದಲು ನೋಡೋಣ. ನಿಮಗೆ ಬುದ್ಧಿ ಹೇಳುವವರೆಲ್ಲ ಶಂಕರ್ ನಾಗ್ ಅನ್ನುವುದು ಅಸಲಿ, ನಿಮ್ಮದು ನಕಲು ಅಂದುಕೊಂಡಿದ್ದಾರೆ. ಆದರೆ ಆ ‘ನಾಗ್’ ಕೂಡ ಪೂರ್ತಿ ಹೆಸರಲ್ಲ. ಅನಂತ್ ನಾಗ್, ಶಂಕರ್ ನಾಗ್ ಸೋದರರ ಮನೆತನದ ಹೆಸರು ನಾಗರಕಟ್ಟೆ. ಅದನ್ನು ಚಿಕ್ಕದು ಮಾಡಿಕೊಂಡಾಗ ಕಟ್ಟೆ ಹೋಯಿತು, ನಾಗ್ ಉಳಿಯಿತು. ನಮ್ಮ ಉಳಿದ ದೊಡ್ಡ ನಟರದ್ದೂ ಹೆಚ್ಚುಕಮ್ಮಿ ಇದೇ ಕತೆ. 1954ರಲ್ಲಿ ‘ಬೇಡರ ಕಣ್ಣಪ್ಪ’ ಬರುವವರೆಗೆ ರಾಜ್‌ಕುಮಾರ್ ಮುತ್ತುರಾಜು ಆಗಿದ್ದರು. 1972ರ ‘ನಾಗರಹಾವು’ ಒಂದೇ ಚಿತ್ರದಲ್ಲಿ ಸಂಪತ್ ಕುಮಾರ್ ವಿಷ್ಣುವರ್ಧನ್ ಆದರು, ಅಮರನಾಥ್ ಅಂಬರೀಶ್ ಆದರು. ಈ ಲೆಕ್ಕದಲ್ಲಿ ಇಟ್ಟ ಹೆಸರನ್ನು ಮೊದಲಿಂದ ಹಾಗೇ ಉಳಿಸಿಕೊಂಡಿರುವವರು ನೀವೇ, ಅಲ್ವಾ?

‘ಕ್ರ’ ಒತ್ತಕ್ಷರಕ್ಕೂ ನಾಚಿಕೆ ಬೇಡ. ಬೆಂಗಳೂರಿನ ಯಾವ ಆಟೋ ಸ್ಟ್ಯಾಂಡಿನಲ್ಲಿ ‘ಶಂಕರಣ್ಣ’ ಅನ್ನುತ್ತಾರೆ ಹೇಳಿ? ಶಂಕ್ರಣ್ಣ ಅಂತಲೇ ಅನ್ನುವುದು. ಮಾತಾಡುವಾಗ ನಡುವಿನ ‘ಅ’ ನುಂಗುವುದು ನಮ್ಮ ನಾಲಿಗೆಯ ಅಭ್ಯಾಸ. ಕಮಲಮ್ಮ ಕಮ್ಲಮ್ಮ ಆಗುತ್ತಾರೆ, ನಾಗರಾಜ ನಾಗ್ರಾಜ ಆಗುತ್ತಾನೆ. ‘ಬರ್ಕೊಳ್ಳಿ ಸಾರ್’ ಅಂತ ನಿಮ್ಮಪ್ಪ ಹೇಳಿರುತ್ತಾರೆ, ಶಾಲೆಯವರು ಕಿವಿಗೆ ಬಿದ್ದದ್ದನ್ನು ನಿಯತ್ತಾಗಿ ಬರೆದುಕೊಂಡಿದ್ದಾರೆ. ಅಂಥ ಗುಮಾಸ್ತರು ಎಲ್ಲರಿಗೂ ಸಿಗಲ್ಲ. ನನಗೆ ಸಿಕ್ಕವರ ಕತೆ ಹೇಳಿದರೆ ನಿಮಗೆ ಸ್ವಲ್ಪ ಸಮಾಧಾನ ಆಗಬಹುದು. ನನ್ನ ಮೊದಲ ಇನಿಷಿಯಲ್ ಊರಿನದು. ಯಾವುದೋ ಅರ್ಜಿಯಲ್ಲಿ ಅದನ್ನು ಬಿಡಿಸಿ ಬರೆಯಿರಿ ಅಂದರು, ಬರೆದೆ. ಅವತ್ತಿನಿಂದ ಒಂದು ಬ್ಯಾಂಕಿನ ಎಲ್ಲ ಪತ್ರಗಳೂ ‘ಡಿಯರ್ ಮಿಸ್ಟರ್ ಹುಲಿಯೂರುದುರ್ಗ’ ಅಂತಲೇ ಬರುತ್ತಿವೆ.

ಈಗ ಕಾಗದಪತ್ರಕ್ಕೆ ಬರೋಣ. ನಿಮಗೆ ಗೆಜೆಟ್ ಬೇಡ. ಇದ್ದ ಹೆಸರು ಬಿಟ್ಟು ಹೊಸ ಹೆಸರು ಇಟ್ಟುಕೊಳ್ಳುವವರ ದಾರಿ ಅದು. ಅಫಿಡವಿಟ್, ಪತ್ರಿಕೆಯಲ್ಲಿ ಜಾಹೀರಾತು, ಆಮೇಲೆ ಗೆಜೆಟ್ ಪ್ರಕಟಣೆ ಅಂತ ಸುತ್ತಬೇಕು. ಹಾಗೆ ಬದಲಾಯಿಸುವ ಹಕ್ಕು ಇಲ್ಲ ಅಂತಲ್ಲ. ಹೆಸರು ವ್ಯಕ್ತಿಯ ಗುರುತಿನ ಭಾಗ, ಅದರ ಮೇಲೆ ಅವರಿಗೇ ಹಿಡಿತ ಇರಬೇಕು ಅಂತ 2021ರ ಜೂನ್‌ನಲ್ಲಿ ಸಿಬಿಎಸ್‌ಇಗೆ ಸಂಬಂಧಿಸಿದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಆದರೆ ನೀವು ಈಗ ‘ಶಂಕರ್ ನಾಗ್’ ಆದರೆ ಅಂಕಪಟ್ಟಿ ಮತ್ತು ಆಧಾರ್ ಎರಡೂ ಹಿಂದೆ ಬೀಳುತ್ತವೆ. ಅಂದರೆ ಸರಿಯಿರುವುದನ್ನು ದುಡ್ಡು ಕೊಟ್ಟು ತಪ್ಪು ಮಾಡಿಸಿಕೊಂಡ ಹಾಗೆ. ಗೆಜೆಟ್ ಮಾಡಿಸಿ ಅಂತ ಒತ್ತಾಯ ಮಾಡುವವರಲ್ಲಿ ಗೆಜೆಟ್ ಮಾಡಿಸಿಕೊಡುವವರೂ ಇರುತ್ತಾರೆ, ನೋಡಿಕೊಳ್ಳಿ.

ಹೆಸರಿನ ವಿಷಯದಲ್ಲಿ ಒಂದು ಕಾಗದವನ್ನು ಗೂಟ ಅಂತ ನೆಟ್ಟು, ಉಳಿದದ್ದನ್ನೆಲ್ಲ ಅದಕ್ಕೆ ಕಟ್ಟಬೇಕು. ನಿಮ್ಮ ವಯಸ್ಸಿನವರಿಗೆ ಆ ಗೂಟ ಎಸ್ಸೆಸ್ಸೆಲ್ಸಿ ಅಂಕಪಟ್ಟಿ. ಜನನ ಪ್ರಮಾಣಪತ್ರ ಆಗಬಹುದಿತ್ತು. ಆದರೆ ಆ ಕಾಲದ ಎಷ್ಟೋ ಪ್ರಮಾಣಪತ್ರಗಳಲ್ಲಿ ಮಗುವಿನ ಹೆಸರಿನ ಜಾಗವೇ ಖಾಲಿ. ಅಂಕಪಟ್ಟಿ ತಿದ್ದಿಸುವುದು ಎಲ್ಲಕ್ಕಿಂತ ಕಷ್ಟ, ಅದಕ್ಕೇ ಅದನ್ನು ಮುಟ್ಟಬೇಡಿ.

ಆಧಾರ್‌ನಲ್ಲಿ ಇಂಗ್ಲಿಷ್ ಸರಿಯಿದೆ ಅಂದಿರಿ. ಕನ್ನಡದ ‘ಶಾಂಕ್ರಾನಾಗ’ ಕಂಪ್ಯೂಟರ್ ಮಾಡಿದ ಕೆಲಸ. ಇಂಗ್ಲಿಷ್ ಟೈಪ್ ಮಾಡಿದರೆ ಕನ್ನಡವನ್ನು ಅದೇ ಊಹಿಸಿಕೊಂಡು ಹಾಕುತ್ತದೆ. ನಮ್ಮ ದೀರ್ಘ ಎಲ್ಲಿ, ಹ್ರಸ್ವ ಎಲ್ಲಿ ಅಂತ ಅದಕ್ಕೆ ಹೇಗೆ ಗೊತ್ತಾಗಬೇಕು? ಆಧಾರ್ ಕೇಂದ್ರದಲ್ಲಿ ನಿಮ್ಮ ಕಡೆಗೂ ಒಂದು ಪರದೆ ತಿರುಗಿಸಿಟ್ಟಿರುತ್ತಾರೆ. ಜನ ಅದರಲ್ಲಿ ತಮ್ಮ ಫೋಟೋ ಹೇಗೆ ಬಂತು ಅಂತ ನೋಡುತ್ತಾರೆಯೇ ಹೊರತು ಹೆಸರು ನೋಡಲ್ಲ. ನೀವು ಎರಡೂ ಭಾಷೆಯನ್ನು ಅಕ್ಷರ ಅಕ್ಷರ ಓದಿ, ಆಮೇಲೆ ‘ಸರಿ’ ಅನ್ನಿ. ಆಧಾರ್‌ನಲ್ಲಿ ಹೆಸರು ತಿದ್ದಲು ಜೀವಮಾನದಲ್ಲಿ ಎರಡೇ ಅವಕಾಶ, ಸುಮ್ನೆ ಕಳೆದುಕೊಳ್ಳಬೇಡಿ.

ಮುಂದಿನದು ಪ್ಯಾನ್. ಅಂಗಡಿಯವನನ್ನೂ ಪೂರ್ತಿ ಬೈಯುವ ಹಾಗಿಲ್ಲ. ಪ್ಯಾನ್ ಅರ್ಜಿಯಲ್ಲಿ ಸರ್‌ನೇಮ್ ಜಾಗ ಖಾಲಿ ಬಿಡುವಂತಿಲ್ಲ, ಇನಿಷಿಯಲ್ ಹಾಕುವಂತೆಯೂ ಇಲ್ಲ. ನಿಮ್ಮ ಒಂದು ಹೆಸರನ್ನು ಎರಡು ಮಾಡಿದರೆ ಎರಡೂ ಖಾನೆ ತುಂಬುತ್ತವಲ್ಲ! ಸರಿಯಾದ ದಾರಿ ಅಂದರೆ ಆ ‘ಎಂ’ ಅನ್ನು ಬಿಡಿಸಿ ನಿಮ್ಮಪ್ಪನ ಪೂರ್ತಿ ಹೆಸರು ಬರೆಯುವುದು, ಇಲ್ಲವೇ ಶಂಕ್ರನಾಗ್ ಅಂತ ಇಡಿಯಾಗಿ ಸರ್‌ನೇಮ್ ಖಾನೆಯಲ್ಲೇ ಹಾಕುವುದು. ದುಬೈ ಯೋಚನೆ ಇರುವುದರಿಂದ ಮೊದಲನೆಯದನ್ನೇ ಆರಿಸಿಕೊಳ್ಳಿ. ಹಾಗಾದರೆ ಆಧಾರ್‌ಗೆ ಹೋದಾಗಲೇ ಕನ್ನಡದ ತಪ್ಪು, ಅಪ್ಪನ ಹೆಸರು ಎರಡನ್ನೂ ಒಂದೇ ಸಲಕ್ಕೆ ಮುಗಿಸಿಬಿಡಿ. ಆಮೇಲೆ ಪ್ಯಾನ್ ತಿದ್ದುಪಡಿ ಅರ್ಜಿ ಹಾಕಿ. ಪ್ಯಾನ್ ಮತ್ತು ಆಧಾರ್ ಲಿಂಕ್ ಆಗಿದೆಯಾ ಅಂತಲೂ ನೋಡಿಕೊಳ್ಳಿ. ಹೆಸರು ಹೊಂದದೆ ಲಿಂಕ್ ಆಗದವರ ಪ್ಯಾನ್ 2023ರ ಜುಲೈ 1ರಿಂದ ನಿಷ್ಕ್ರಿಯ ಆಗಿದೆ, ಎಷ್ಟೋ ಜನಕ್ಕೆ ಗೊತ್ತೇ ಇಲ್ಲ. ಪ್ಯಾನ್ ಸರಿಹೋದರೆ ಬ್ಯಾಂಕಿಗೆ ಕೆವೈಸಿ ಕೊಡುವುದು ಅರ್ಧ ಗಂಟೆಯ ಕೆಲಸ.

ಈ ಓಡಾಟದ ನಡುವೆ ‘ಶಂಕ್ರನಾಗ್, ಶಂಕರ್ ನಾಗ್ ಇಬ್ಬರೂ ಒಬ್ಬನೇ, ಅದು ನಾನೇ’ ಅನ್ನುವ ಅಫಿಡವಿಟ್ ಒಂದು ಕೈಯಲ್ಲಿರಲಿ. ನೋಟರಿಗಳು ಇದನ್ನು ‘ಒನ್ ಅಂಡ್ ದಿ ಸೇಮ್’ ಅನ್ನುತ್ತಾರೆ. ಛಾಪಾ ಕಾಗದದ ಮೇಲೆ ಮಾಡಿಸಿ ನಾಲ್ಕು ಪ್ರತಿ ಇಟ್ಟುಕೊಳ್ಳಿ. ಹೆಸರು ಹೇಳಿದ ಕೂಡಲೇ ಕೌಂಟರಿನವರು ನಕ್ಕು ‘ಆಟೋ ರಾಜಾನಾ?’ ಅನ್ನುತ್ತಾರೆ, ಅದು ತಪ್ಪಲ್ಲ. ನಕ್ಕು ಮುಗಿಸಲಿ ಬಿಡಿ, ಆದರೆ ಅವರ ಕೈ ಕೀಬೋರ್ಡಿಗೆ ಹೋಗುವ ಮೊದಲು ಅಂಕಪಟ್ಟಿ ಮುಂದಿಡಿ. ಬಾಯಲ್ಲಿ ಸ್ಪೆಲಿಂಗ್ ಹೇಳಿದರೆ ‘ಕೆ’ ಆದ ಮೇಲೆ ಅವರ ಬೆರಳು ತಾನಾಗಿಯೇ ‘ಎ’ ಒತ್ತುತ್ತದೆ.

ಪಾಸ್‌ಪೋರ್ಟ್ ಕೊನೆಗೆ ಮಾಡಿಸಿ. ಅಲ್ಲಿ ಸರ್‌ನೇಮ್ ಖಾಲಿ ಬಿಟ್ಟರೂ ನಡೆಯುತ್ತದೆ, ಆದರೆ ಬಿಡಬೇಡಿ. ಪಾಸ್‌ಪೋರ್ಟಿನಲ್ಲಿ ಒಂದೇ ಪದದ ಹೆಸರಿದ್ದರೆ ಪ್ರವಾಸಿ ವೀಸಾದ ಮೇಲೆ ಒಳಗೆ ಬಿಡಲ್ಲ ಅಂತ 2022ರ ನವೆಂಬರ್‌ನಲ್ಲಿ ಯುಎಇ ಹೇಳಿತ್ತು. ಟಿಕೆಟ್ ಮಾಡಿಸಿಕೊಂಡಿದ್ದ ನಮ್ಮ ಕಡೆಯವರು ಪೇಚಿಗೆ ಸಿಕ್ಕಿದರು. ಸರ್‌ನೇಮೇ ಇಲ್ಲದೆ ಇನಿಷಿಯಲ್‌ನಲ್ಲಿ ಬದುಕುವವರು ನಾವು. ನಿಮ್ಮಪ್ಪನ ಹೆಸರು ಅಲ್ಲಿಗೆ ಸರಿಯಾಗಿ ಕೂರುತ್ತದೆ.

ಇನ್ನು ಮಗಳ ವಿಷಯ. ಇದನ್ನು ಮಾತ್ರ ಮುಂದೂಡಬೇಡಿ. ಪ್ಯಾನ್ ಆರು ತಿಂಗಳು ಕಾದರೂ ನಡೆಯುತ್ತದೆ, ಇದು ಈ ದಾಖಲಾತಿಗೆ ಮೊದಲೇ ಆಗಬೇಕು. ಇವತ್ತು ಶಾಲೆಯ ರಿಜಿಸ್ಟರಿಗೆ ‘ನಾಗ್’ ಅಂತ ಹೋದರೆ ಹತ್ತನೇ ಕ್ಲಾಸಿನ ಅಂಕಪಟ್ಟಿಗೂ ಅದೇ ಹೋಗುತ್ತದೆ. ಆಮೇಲೆ ಅವಳು ನನ್ನಂಥವರಿಗೆ ಕಾಗದ ಬರೆಯಬೇಕಾಗುತ್ತದೆ. ಅವಳ ಅರ್ಜಿಯಲ್ಲಿ ಸರ್‌ನೇಮ್ ಕೇಳಿದರೆ ಶಂಕ್ರನಾಗ್ ಅಂತ ಇಡಿಯಾಗಿ ಬರೆಯಿರಿ. ಅರ್ಧ ಕೊಡಬೇಡಿ.

ಜನನ ಪ್ರಮಾಣಪತ್ರ ತಿದ್ದಿಸಲು ನೀವು ಈಗ ಇರುವ ಏರಿಯಾದ ಕಚೇರಿಗೆ ಹೋದರೆ ಆಗಲ್ಲ, ಮಗು ಹುಟ್ಟಿದ ಆಸ್ಪತ್ರೆ ಇರುವ ಜಾಗದ ನೋಂದಣಾಧಿಕಾರಿಯ ಹತ್ತಿರ ಹೋಗಬೇಕು. 2025ರ ಸೆಪ್ಟೆಂಬರ್‌ನಿಂದ ಬಿಬಿಎಂಪಿ ಹೋಗಿ ಐದು ಪಾಲಿಕೆಗಳಾಗಿವೆ, ಯಾವುದಕ್ಕೆ ಸೇರುತ್ತೆ ಅಂತ ಮೊದಲು ವಿಚಾರಿಸಿಕೊಳ್ಳಿ. ಹಳೆಯ ಪ್ರಮಾಣಪತ್ರ, ಇಬ್ಬರ ಆಧಾರ್, ನಿಮ್ಮ ಅಂಕಪಟ್ಟಿ, ಆ ಅಫಿಡವಿಟ್ ಜೊತೆಗಿರಲಿ.

ತಿದ್ದುಪಡಿ ಆಗುವುದು 1969ರ ಜನನ ಮರಣ ನೋಂದಣಿ ಕಾಯ್ದೆಯ 15ನೇ ಸೆಕ್ಷನ್ ಪ್ರಕಾರ. ಅದರ ಪದ್ಧತಿ ನನಗೆ ಬಹಳ ಇಷ್ಟ. ಮೊದಲು ಬರೆದದ್ದನ್ನು ಅಳಿಸುವಂತಿಲ್ಲ. ಸರಿಯಾದದ್ದನ್ನು ಅಂಚಿನಲ್ಲಿ ಬರೆದು, ಸಹಿ ಹಾಕಿ, ತಾರೀಕು ನಮೂದಿಸಬೇಕು. ಅಂದರೆ ನಿಮ್ಮ ಮಗಳ ದಾಖಲೆಯಲ್ಲಿ ಒಳಗೆ ಶಂಕರ್ ನಾಗ್, ಪಕ್ಕದಲ್ಲೇ ಶಂಕ್ರನಾಗ್ ಇಬ್ಬರೂ ಇರುತ್ತಾರೆ. ಇದನ್ನು ನಿಮ್ಮಪ್ಪನಿಗೆ ಹೇಳಿ.