ಒಂದಕ್ಷರ, ಒಂದು ಚುಕ್ಕೆ

ಓದುಗರ ಪತ್ರ (ಸಂಕ್ಷಿಪ್ತ):
ಮಗಳಿಗೆ ರಸಾಯನಶಾಸ್ತ್ರ ಎಂ.ಎಸ್ಸಿ.ಯಲ್ಲಿ ಚಿನ್ನದ ಪದಕ ಬಂತು. ಹೊರಜಿಲ್ಲೆಯಲ್ಲಿ ನಡೆದ ಘಟಿಕೋತ್ಸವಕ್ಕೆ ಮನೆಮಂದಿಯೆಲ್ಲ ಹೋಗಿದ್ದೆವು. ಅವಳು ವೇದಿಕೆ ಹತ್ತಿ ಇಳಿದದ್ದು ಗೊತ್ತೇ ಆಗಲಿಲ್ಲ. ಅದಕ್ಕೂ ಮೊದಲು ಅಧಿಕಾರದಲ್ಲಿರುವ ಮುಖಂಡರೊಬ್ಬರಿಗೆ ಗೌರವ ಡಾಕ್ಟರೇಟ್ ಕೊಡಲು ಕಾಲು ಗಂಟೆ ಹಿಡಿಯಿತು. ಮರುದಿನ ನಮ್ಮೂರ ಬಸ್ ನಿಲ್ದಾಣದ ಎದುರು ‘ಡಾ.’ ಸೇರಿಸಿದ ಫ್ಲೆಕ್ಸ್! ರಾಜಕಾರಣಿಗಳಿಗೆ ಇದನ್ನು ಕೊಡಲೇಬಾರದು. ಇದನ್ನು ಕೊಡುವವರು ಯಾರು? ಯಾವ ಕಾನೂನಿನಲ್ಲಿ? ಹೆಸರಿನ ಮುಂದೆ ಹಾಕಿಕೊಳ್ಳಬಹುದೇ? ನಮ್ಮಂಥವರು ಕೇಳುವುದಕ್ಕೆ ದಾರಿ ಇದೆಯೇ? ಕೊನೆಯ ಮಾತು: ಮಗಳ ಪದವಿ ಪ್ರಮಾಣಪತ್ರದಲ್ಲಿ ಹೆಸರಿನ ಇಂಗ್ಲಿಷ್ ಕಾಗುಣಿತವೇ ತಪ್ಪಿದೆ.
— ಓದುಗರು, ಹೊಳಲ್ಕೆರೆ ತಾಲ್ಲೂಕು

ಸಂಪಾದಕರ ಉತ್ತರ:

ಮಾನ್ಯರೆ,

ಮೊದಲು ಮಗಳಿಗೆ ಅಭಿನಂದನೆ ತಿಳಿಸಿ. ನೀವು ಬರೆದಿದ್ದ ವಿಶ್ವವಿದ್ಯಾಲಯದ ಹೆಸರು, ಮುಖಂಡರ ಹೆಸರು ಎರಡನ್ನೂ ತೆಗೆದಿದ್ದೇವೆ. ಪ್ರಶ್ನೆ ಒಬ್ಬರದ್ದಲ್ಲ, ಒಂದು ಕಡೆಯದ್ದೂ ಅಲ್ಲ.

ನಿಮ್ಮ ಸಿಟ್ಟು ನ್ಯಾಯವಾದದ್ದೇ. ಆದರೆ ಅದು ಹೋಗಿ ಬಿದ್ದಿರುವುದು ವೇದಿಕೆಯ ಮೇಲೆ. ಅಲ್ಲಿ ನೀವು ಕಂಡದ್ದು ಬರೀ ಮೆರವಣಿಗೆ. ಗೌರವ ಡಾಕ್ಟರೇಟ್ ಹುಟ್ಟುವುದು ಅದಕ್ಕೂ ಬಹಳ ಮುಂಚೆ, ವಿಶ್ವವಿದ್ಯಾಲಯದ ಆಡಳಿತ ಮಂಡಳಿಯಾದ ಸಿಂಡಿಕೇಟ್‌ನ ಸಭೆಯ ನಡಾವಳಿಯಲ್ಲಿ. ನೋಡಬೇಕಾದದ್ದು ಆ ಕಾಗದವನ್ನು.

ನಮ್ಮ ರಾಜ್ಯದ ಸಾಂಪ್ರದಾಯಿಕ ವಿಶ್ವವಿದ್ಯಾಲಯಗಳು ನಡೆಯುವುದು 2000ನೇ ಇಸವಿಯ ಕರ್ನಾಟಕ ರಾಜ್ಯ ವಿಶ್ವವಿದ್ಯಾಲಯಗಳ ಕಾಯ್ದೆಯಲ್ಲಿ. ಅದರ ಪ್ರಕಾರ ಗೌರವ ಪದವಿಗೆ ಎರಡು ಬೀಗ. ಒಂದು ಸಿಂಡಿಕೇಟ್‌ನ ತೀರ್ಮಾನ, ಇನ್ನೊಂದು ಕುಲಾಧಿಪತಿಗಳಾದ ರಾಜ್ಯಪಾಲರ ಒಪ್ಪಿಗೆ. ಕುಲಪತಿಗಳು ತಮ್ಮಷ್ಟಕ್ಕೆ ಕೊಡುವಂತಿಲ್ಲ, ಮಂತ್ರಿಗಳು ಆದೇಶ ಹೊರಡಿಸಿ ಕೊಡಿಸುವಂತೆಯೂ ಇಲ್ಲ. ಕಾಗದದ ಮೇಲೆ ವ್ಯವಸ್ಥೆ ಗಟ್ಟಿಯಾಗಿಯೇ ಇದೆ. ಸಂವಿಧಾನದ 18ನೇ ವಿಧಿಯೂ ಇದಕ್ಕೆ ಅಡ್ಡ ಬರುವುದಿಲ್ಲ. ಪ್ರಭುತ್ವ ಬಿರುದು ಕೊಡಬಾರದು ಎನ್ನುವ ಆ ವಿಧಿಯೇ ಸೇನೆಯ ಮತ್ತು ವಿದ್ಯೆಯ ಗೌರವಗಳಿಗೆ ವಿನಾಯಿತಿ ಕೊಟ್ಟಿದೆ.

ಹೆಸರುಗಳು ಹೇಗೆ ಬರುತ್ತವೆ? ಕ್ರಮವಾಗಿ ನಡೆಸುವ ಕಡೆ ಒಂದು ಸಣ್ಣ ಸಮಿತಿ ಮಾಡುತ್ತಾರೆ. ಅದು ಸಲಹೆಗಳನ್ನು ತರಿಸಿ, ಪ್ರತಿಯೊಬ್ಬರ ಸಾಧನೆ ಯಾವ ಶಾಖೆಗೆ ಸೇರುತ್ತದೆ ಎಂದು ನೋಡುತ್ತದೆ. ಸಾಹಿತ್ಯ, ಕಲೆಗೆ ಡಿ.ಲಿಟ್., ಕಾನೂನು ಮತ್ತು ಸಾರ್ವಜನಿಕ ಸೇವೆಗೆ ಎಲ್‌ಎಲ್.ಡಿ., ವಿಜ್ಞಾನಕ್ಕೆ ಡಿ.ಎಸ್ಸಿ. ಆಮೇಲೆ ವಿಷಯ ಸಿಂಡಿಕೇಟ್ ಕಾರ್ಯಸೂಚಿಗೆ ಬರುತ್ತದೆ, ಚರ್ಚೆಯಾಗುತ್ತದೆ, ತೀರ್ಮಾನದ ಜೊತೆ ಸ್ವವಿವರಗಳು ರಾಜಭವನಕ್ಕೆ ಹೋಗುತ್ತವೆ. ಅಲ್ಲಿಂದ ಒಪ್ಪಿಗೆ ಪತ್ರ ಬಂದ ಮೇಲಷ್ಟೇ ಗೌನಿನ ಅಳತೆ, ಆಹ್ವಾನ ಪತ್ರಿಕೆಯ ಅಚ್ಚು.

ಎಡವಟ್ಟಾಗುವುದು ಈ ಸರಪಳಿಯಲ್ಲಿ ಎರಡು ಕೊಂಡಿಗಳ ಹತ್ತಿರ.

ಮೊದಲನೆಯದು ಸಮಯ. ಘಟಿಕೋತ್ಸವದ ದಿನಾಂಕ ರಾಜ್ಯಪಾಲರ ಬಿಡುವಿನ ಮೇಲೆ ನಿಂತಿರುತ್ತದೆ. ದಿನ ಸಿಕ್ಕಾಗ ಉಳಿದಿರುವುದು ಎರಡು ಮೂರು ವಾರ. ಆ ಗಡಿಬಿಡಿಯಲ್ಲಿ ಹೆಸರುಗಳು ಸಿಂಡಿಕೇಟ್‌ಗೆ ‘ಟೇಬಲ್ ಅಜೆಂಡಾ’ ಆಗಿ ಬರುತ್ತವೆ. ಅಂದರೆ ಸದಸ್ಯರಿಗೆ ಮೊದಲೇ ಕಳಿಸಿದ ಕಡತದಲ್ಲಿ ಆ ವಿಷಯ ಇರುವುದಿಲ್ಲ. ಸಭೆ ಮುಗಿಯುವ ಹೊತ್ತಿಗೆ, ಅಧ್ಯಕ್ಷರ ಅನುಮತಿಯ ಮೇರೆಗೆ, ಒಂದು ಹಾಳೆ ಮೇಜಿನ ಮೇಲೆ ಬೀಳುತ್ತದೆ. ಸ್ವವಿವರ ಓದಲು ಪುರಸೊತ್ತಿಲ್ಲ, ಎದುರಿಗೆ ಕೂತು ಬೇಡ ಎನ್ನಲು ಯಾರಿಗೂ ಬಾಯಿ ಬರುವುದಿಲ್ಲ. ನಡಾವಳಿಯಲ್ಲಿ ‘ಚರ್ಚಿಸಿ ಸರ್ವಾನುಮತದಿಂದ ತೀರ್ಮಾನಿಸಲಾಯಿತು’ ಎಂದಿರುತ್ತದೆ. ಚರ್ಚೆ ಮಾತ್ರ ನಡೆದಿರುವುದಿಲ್ಲ.

ಎರಡನೆಯದು, ಕೊಡುವವರಿಗೂ ಪಡೆಯುವವರಿಗೂ ಇರುವ ನಂಟು. ಕುಲಪತಿಗಳ ನೇಮಕಕ್ಕೆ ಶೋಧನಾ ಸಮಿತಿ ಮೂರು ಹೆಸರು ಕೊಡುತ್ತದೆ, ರಾಜ್ಯ ಸರ್ಕಾರದ ಸಹಮತಿಯೊಂದಿಗೆ ರಾಜ್ಯಪಾಲರು ಒಬ್ಬರನ್ನು ನೇಮಿಸುತ್ತಾರೆ. ಅವಧಿ ನಾಲ್ಕು ವರ್ಷ. ಸಿಂಡಿಕೇಟ್‌ನಲ್ಲಿ ಸರ್ಕಾರ ನಾಮನಿರ್ದೇಶನ ಮಾಡಿದ ಸದಸ್ಯರಿರುತ್ತಾರೆ. ಸಮಕುಲಾಧಿಪತಿ ಅಂದರೆ ಉನ್ನತ ಶಿಕ್ಷಣ ಸಚಿವರೇ. ಹುದ್ದೆ ಮಂಜೂರಾತಿ, ಪಿಂಚಣಿ ಹಣ, ಕಟ್ಟಡದ ಅನುದಾನ ಎಲ್ಲಕ್ಕೂ ವಿಧಾನಸೌಧದ ಮೆಟ್ಟಿಲು ಹತ್ತಲೇಬೇಕು. ಇಷ್ಟೆಲ್ಲ ಇದ್ದು, ಅದೇ ಸರ್ಕಾರದ ಮುಖಂಡರ ಹೆಸರು ಸಭೆಯಲ್ಲಿ ಬಂದಾಗ ಅದನ್ನು ವಿದ್ಯಾ ವಿಷಯಕ ನಿರ್ಣಯ ಎನ್ನುವುದು ಕಷ್ಟ.

ಹಾಗಂತ ರಾಜಕಾರಣಿಗೆ ಕೊಡಲೇಬಾರದು ಎನ್ನುವ ನಿಮ್ಮ ಮಾತನ್ನು ನಾವು ಒಪ್ಪುವುದಿಲ್ಲ. ಬಾಬಾಸಾಹೇಬ್ ಅಂಬೇಡ್ಕರ್ ಅವರನ್ನು ನೋಡಿ. ಲಂಡನ್ನಿನ ಡಿ.ಎಸ್ಸಿ. 1923ರಲ್ಲಿ, ಕೊಲಂಬಿಯಾದ ಪಿಎಚ್.ಡಿ. 1927ರಲ್ಲಿ, ಎರಡೂ ಓದಿ ಸಂಪಾದಿಸಿದವು. ಗೌರವ ಪದವಿಗಳು ಬಂದದ್ದು ಆಮೇಲೆ: 1952ರ ಜೂನ್‌ನಲ್ಲಿ ಕೊಲಂಬಿಯಾದಿಂದ ಎಲ್‌ಎಲ್.ಡಿ., 1953ರ ಜನವರಿಯಲ್ಲಿ ಉಸ್ಮಾನಿಯಾದಿಂದ ಡಿ.ಲಿಟ್. ಇಸವಿಗಳನ್ನು ಗಮನಿಸಿ. ಅವರು ನೆಹರೂ ಸಂಪುಟಕ್ಕೆ ರಾಜೀನಾಮೆ ಕೊಟ್ಟದ್ದು 1951ರಲ್ಲಿ. ಮೊದಲ ಲೋಕಸಭಾ ಚುನಾವಣೆಯಲ್ಲಿ ಸೋತೂ ಆಗಿತ್ತು. ಅನುದಾನ ಕೊಡುವ ಕೈ, ನೇಮಕ ಮಾಡುವ ಕೈ ಅವರದ್ದಾಗಿರಲಿಲ್ಲ. ಸಂವಿಧಾನದ ಕೆಲಸ ಕಣ್ಣೆದುರಿಗಿತ್ತು, ಅದಕ್ಕೆ ಗೌರವ ಬಂತು.

ಇನ್ನೊಂದು ತುದಿಯ ಉದಾಹರಣೆ ಆಕ್ಸ್‌ಫರ್ಡಿನದು. 1985ರ ಜನವರಿಯಲ್ಲಿ ಅಧಿಕಾರದಲ್ಲಿದ್ದ ಪ್ರಧಾನಿ ಮಾರ್ಗರೆಟ್ ಥ್ಯಾಚರ್ ಅವರಿಗೆ ಗೌರವ ಪದವಿ ಕೊಡುವ ಪ್ರಸ್ತಾಪ ಬಂತು. ಆಕೆ ಅಲ್ಲಿಯೇ ಓದಿದವರು. ಶಿಕ್ಷಣಕ್ಕೆ ಹಣ ಕಡಿತ ಮಾಡಿದ್ದಾರೆ ಎಂಬ ಸಿಟ್ಟಿನಲ್ಲಿ ಅಧ್ಯಾಪಕರು ಮತಕ್ಕೆ ಹಾಕಿದರು. ವಿರುದ್ಧ 738, ಪರ 319. ಪದವಿ ಕೊಡಲಿಲ್ಲ. ಹಣದ ಚೀಲ ಹಿಡಿದ ಪ್ರಧಾನಿಗೇ ಬೇಡ ಎನ್ನಲು ಅಲ್ಲಿ ಆದದ್ದು, ಮತ ಹಾಕುವವರು ಸರ್ಕಾರ ನೇಮಿಸಿದವರಲ್ಲ ಎಂಬ ಕಾರಣಕ್ಕೆ. ಅಧಿಕಾರದಲ್ಲಿದ್ದಾಗ ಕೊಟ್ಟು ಆಮೇಲೆ ಪೇಚಾಡಿದ್ದಕ್ಕೂ ನಿದರ್ಶನ ಇದೆ: ಜಿಂಬಾಬ್ವೆಯ ರಾಬರ್ಟ್ ಮುಗಾಬೆಗೆ ಎಡಿನ್‌ಬರೋ ವಿಶ್ವವಿದ್ಯಾಲಯ 1984ರಲ್ಲಿ ಕೊಟ್ಟ ಪದವಿಯನ್ನು 2007ರಲ್ಲಿ ಹಿಂದಕ್ಕೆ ಪಡೆಯಿತು.

ಆದ್ದರಿಂದ ನಮ್ಮ ಒತ್ತಾಯ ಒಂದೇ, ಅದೂ ಸಣ್ಣದು. ಮಂತ್ರಿ, ಶಾಸಕ, ಸಂಸದ ಯಾರೇ ಇರಲಿ, ಕುರ್ಚಿಯಲ್ಲಿರುವಷ್ಟು ದಿನ ಅವರ ಹೆಸರು ಸಿಂಡಿಕೇಟ್ ಮುಂದೆ ಬರಬಾರದು. ಇಳಿದ ಮೇಲೆ ಬರಲಿ, ಇಂಥ ಕೆರೆ, ಇಂಥ ಕಾಯ್ದೆ, ಇಂಥ ಶಾಲೆ ಎಂದು ಕೆಲಸದ ಹೆಸರು ಹಿಡಿದು ಬರಲಿ. ಇದಕ್ಕೆ ಕಾಯ್ದೆ ತಿದ್ದುಪಡಿಯೂ ಬೇಕಿಲ್ಲ, ಸಿಂಡಿಕೇಟ್ ತನಗೆ ತಾನೇ ಒಂದು ಸಾಲಿನ ನಿಯಮ ಮಾಡಿಕೊಂಡರೆ ಸಾಕು.

ಇಲ್ಲಿ ಒಂದು ಅಡ್ಡಮಾತು. ‘ಘಟಿಕೋತ್ಸವ’ದ ಘಟಿಕೆ ನಮ್ಮ ನೆಲಕ್ಕೆ ಹೊಸದೇನಲ್ಲ. ಮಯೂರಶರ್ಮ ಅಜ್ಜನ ಜೊತೆ ಕಂಚಿಯ ಘಟಿಕೆಗೆ ಓದಲು ಹೋದ, ಅಲ್ಲಿ ಪಲ್ಲವರ ಕುದುರೆ ಸವಾರನೊಡನೆ ಜಗಳವಾಗಿ ದರ್ಭೆ ಹಿಡಿದ ಕೈಯಲ್ಲಿ ಕತ್ತಿ ಹಿಡಿದ ಎನ್ನುತ್ತದೆ ತಾಳಗುಂದದ ಶಾಸನ. ಅವನೇ ಕೆರೆ ಕಟ್ಟಿಸಿದ್ದನ್ನು ಹೇಳುವ ಬಂಡೆಗಲ್ಲಿನ ಬರಹ ಚಿತ್ರದುರ್ಗದ ಚಂದ್ರವಳ್ಳಿಯಲ್ಲಿದೆ. ಓದು ಬಿಟ್ಟು ದೊರೆಯಾದ, ಆದರೆ ದೊರೆಯಾದ ಮೇಲೆ ಕಂಚಿಯವರು ಕರೆದು ಪದವಿ ಕೊಟ್ಟರು ಎಂದು ಯಾವ ಕಲ್ಲೂ ಹೇಳುವುದಿಲ್ಲ!

ಈಗ ‘ಡಾ.’ ವಿಷಯ. ಗೌರವ ಪದವಿ ಪಡೆದವರು ಹೆಸರಿನ ಮುಂದೆ ಅದನ್ನು ಹಾಕಿಕೊಳ್ಳುವುದಿಲ್ಲ ಎಂಬುದು ವಿಶ್ವವಿದ್ಯಾಲಯ ಲೋಕದ ರೂಢಿ. ಬೇಕಾದರೆ ಹೆಸರಿನ ನಂತರ ‘ಡಿ.ಲಿಟ್. (ಗೌರವ)’ ಎಂದು ಬರೆಯಬಹುದು. ರೂಢಿ ಮುರಿದವರು ಎಲ್ಲ ಕಡೆಯೂ ಇದ್ದಾರೆ. ಸೇಂಟ್ ಆಂಡ್ರ್ಯೂಸ್ 1759ರಲ್ಲಿ ಗೌರವ ಪದವಿ ಕೊಟ್ಟ ಮೇಲೆ ಬೆಂಜಮಿನ್ ಫ್ರಾಂಕ್ಲಿನ್ ಸಾಯುವ ತನಕ ‘ಡಾಕ್ಟರ್ ಫ್ರಾಂಕ್ಲಿನ್’. ನಮ್ಮಲ್ಲಿ 1976ರಲ್ಲಿ ಮೈಸೂರು ವಿಶ್ವವಿದ್ಯಾಲಯ ರಾಜ್‌ಕುಮಾರ್ ಅವರಿಗೆ ಕೊಟ್ಟದ್ದು ಜನರ ನಾಲಿಗೆಗೇ ಅಂಟಿಕೊಂಡಿತು, ಈಗ ‘ಡಾ.’ ಇಲ್ಲದೆ ಆ ಹೆಸರು ಅರ್ಧ ಅನ್ನಿಸುತ್ತದೆ. ಜನ ಪ್ರೀತಿಯಿಂದ ಅಂಟಿಸುವುದು ಬೇರೆ, ಹಿಂಬಾಲಕರು ರಾತ್ರೋರಾತ್ರಿ ಫ್ಲೆಕ್ಸ್‌ನಲ್ಲಿ ಅಂಟಿಸುವುದು ಬೇರೆ. 2017ರಲ್ಲಿ ಬೆಂಗಳೂರು ವಿಶ್ವವಿದ್ಯಾಲಯದ ಗೌರವ ಡಾಕ್ಟರೇಟನ್ನು ರಾಹುಲ್ ದ್ರಾವಿಡ್ ಬೇಡ ಎಂದರು, ಕ್ರೀಡಾ ಕ್ಷೇತ್ರದಲ್ಲಿ ಸಂಶೋಧನೆ ಮಾಡಿಯೇ ಪಡೆಯುತ್ತೇನೆ ಎಂದರು. ಇಂಥ ಉತ್ತರ ವಿಧಾನಸೌಧದ ಕಡೆಯಿಂದ ಕೇಳಿಬರುವುದು ಅಪರೂಪ.

ಗೌರವ ಪದವಿ ವಿದ್ಯಾರ್ಹತೆ ಅಲ್ಲ. ಅದನ್ನು ತೋರಿಸಿ ಅಧ್ಯಾಪಕ ಹುದ್ದೆಗೆ ಅರ್ಜಿ ಹಾಕಲಾಗದು. ಚುನಾವಣೆಗೆ ನಿಲ್ಲುವವರು ಕೊಡುವ 26ನೇ ನಮೂನೆಯ ಪ್ರಮಾಣಪತ್ರದಲ್ಲಿ ಶಾಲೆ ಅಥವಾ ವಿಶ್ವವಿದ್ಯಾಲಯದ ಹೆಸರು, ಕೋರ್ಸ್ ಮುಗಿಸಿದ ವರ್ಷ ಬರೆಯಬೇಕು. ಗೌರವ ಪದವಿಗೆ ಮುಗಿಸಲು ಕೋರ್ಸೇ ಇಲ್ಲ. ನಿಮ್ಮ ಕ್ಷೇತ್ರದವರ ಪ್ರಮಾಣಪತ್ರ ಚುನಾವಣಾ ಆಯೋಗದ ಜಾಲತಾಣದಲ್ಲಿ ಸಿಗುತ್ತದೆ, ಫ್ಲೆಕ್ಸ್ ಜೊತೆ ಹೋಲಿಸಿ ನೋಡಿ.

ನೀವು ಕಂಡದ್ದು ಅಸಲಿ ಪದವಿಯನ್ನಾದರೂ. ದಾವಣಗೆರೆಯ ಹೋಟೆಲ್ ಸಭಾಂಗಣದಲ್ಲೋ ಬೆಂಗಳೂರಿನಲ್ಲೋ ಭಾನುವಾರ ಗೌನು ತೊಡಿಸಿ ಫೋಟೊ ತೆಗೆಸಿ ಕಳಿಸುವ ‘ಡಾಕ್ಟರೇಟ್’ಗಳ ಕಥೆಯೇ ಬೇರೆ. 1956ರ ವಿಶ್ವವಿದ್ಯಾಲಯ ಅನುದಾನ ಆಯೋಗ (ಯುಜಿಸಿ) ಕಾಯ್ದೆಯ 22ನೇ ಕಲಂ ಪ್ರಕಾರ ಪದವಿ ಕೊಡಬಹುದಾದದ್ದು ಕೇಂದ್ರ ಅಥವಾ ರಾಜ್ಯ ಕಾಯ್ದೆಯಿಂದ ಸ್ಥಾಪಿತವಾದ ವಿಶ್ವವಿದ್ಯಾಲಯಗಳು, ಡೀಮ್ಡ್ ವಿಶ್ವವಿದ್ಯಾಲಯಗಳು ಮತ್ತು ಸಂಸತ್ತು ವಿಶೇಷವಾಗಿ ಅಧಿಕಾರ ಕೊಟ್ಟ ಸಂಸ್ಥೆಗಳು ಮಾತ್ರ. ಟ್ರಸ್ಟು, ಅಕಾಡೆಮಿ, ಪ್ರತಿಷ್ಠಾನಗಳಿಗೆ ಆ ಅಧಿಕಾರವಿಲ್ಲ. ಗುರುತು ಹಿಡಿಯುವುದು ಸುಲಭ: ‘ನೋಂದಣಿ ಶುಲ್ಕ’ ಕೇಳಿದರೆ ಅಲ್ಲಿಗೇ ಬಿಡಿ. ಕೇಳದಿದ್ದರೂ ಯುಜಿಸಿಯ ಪಟ್ಟಿಯಲ್ಲಿ ಹೆಸರಿದೆಯೇ ನೋಡಿ. ಇನ್ನು ಶಿಕ್ಷೆ? ಅದೇ ಕಾಯ್ದೆಯ 24ನೇ ಕಲಂ ಹೇಳುವ ದಂಡ ಹೆಚ್ಚೆಂದರೆ 1,000 ರೂಪಾಯಿ. ಒಂದು ದೊಡ್ಡ ಫ್ಲೆಕ್ಸ್‌ನ ಖರ್ಚಿಗೂ ಸಾಲದು.

ಕೇಳುವ ದಾರಿ ಇದೆ. ಕುಲಸಚಿವರ ಕಚೇರಿಯ ಸಾರ್ವಜನಿಕ ಮಾಹಿತಿ ಅಧಿಕಾರಿಗೆ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿ. ಶುಲ್ಕ 10 ರೂಪಾಯಿ, ಪೋಸ್ಟಲ್ ಆರ್ಡರ್ ಸಾಕು. ನಮ್ಮ ರಾಜ್ಯದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದ ಮೀರಬಾರದು. ಬಹಳ ಅರ್ಜಿಗಳು ತಿರಸ್ಕೃತವಾಗುವುದು ಇಲ್ಲಿಯೇ, ಸಿಟ್ಟನ್ನೆಲ್ಲ ಅರ್ಜಿಯಲ್ಲೇ ತೋಡಿಕೊಂಡಿರುತ್ತಾರೆ. ‘ಇವರಿಗೆ ಏಕೆ ಕೊಟ್ಟಿರಿ’ ಎಂದು ಕೇಳಬೇಡಿ, ಏಕೆ ಎಂಬ ಪ್ರಶ್ನೆಗೆ ಉತ್ತರಿಸುವ ಹೊಣೆ ಮಾಹಿತಿ ಅಧಿಕಾರಿಗೆ ಇಲ್ಲ. ದಾಖಲೆಯ ಹೆಸರು ಹೇಳಿ ಕೇಳಿ: ಇಂಥ ವರ್ಷದ ಗೌರವ ಪದವಿಗೆ ಸಂಬಂಧಿಸಿದ ಸಿಂಡಿಕೇಟ್ ಸಭೆಯ ಕಾರ್ಯಸೂಚಿ, ನಡಾವಳಿ, ಆಯ್ಕೆ ಸಮಿತಿ ಇದ್ದರೆ ಅದರ ವರದಿ, ರಾಜಭವನಕ್ಕೆ ಬರೆದ ಪತ್ರ, ಬಂದ ಒಪ್ಪಿಗೆ. ವ್ಯಕ್ತಿಯ ಸ್ವವಿವರ ಕೇಳಿದರೆ ವೈಯಕ್ತಿಕ ಮಾಹಿತಿ ಎಂದು ಬಾಗಿಲು ಹಾಕುತ್ತಾರೆ, ಅದನ್ನು ಬಿಟ್ಟುಬಿಡಿ. ಎ4 ಹಾಳೆಗೆ 2 ರೂಪಾಯಿಯಂತೆ ಪ್ರತಿ ಸಿಗುತ್ತದೆ. 30 ದಿನದಲ್ಲಿ ಉತ್ತರ ಬಾರದಿದ್ದರೆ ಅಲ್ಲಿಯದೇ ಮೇಲಿನ ಅಧಿಕಾರಿಗೆ ಮೊದಲ ಮೇಲ್ಮನವಿ, ಅದಕ್ಕೂ 30 ದಿನದ ಗಡುವು. ಆಮೇಲೆ 90 ದಿನದೊಳಗೆ ಮಾಹಿತಿ ಆಯೋಗ.

ಕಾಗದ ಕೈಗೆ ಬಂದಾಗ ಮೊದಲು ನೋಡಬೇಕಾದದ್ದು ದಿನಾಂಕಗಳು. ಕಾರ್ಯಸೂಚಿಯಲ್ಲಿ ಈ ವಿಷಯಕ್ಕೆ ಸಂಖ್ಯೆ ಇದೆಯೋ, ‘ಇತರೆ’ಯ ಕೆಳಗೆ ತುರುಕಿದ್ದಾರೋ? ಆಯ್ಕೆ ಸಮಿತಿ ಸೇರಿದ್ದು ಸಿಂಡಿಕೇಟ್‌ಗೆ ಎಷ್ಟು ದಿನ ಮೊದಲು? ಎರಡೂ ಒಂದೇ ದಿನ ಎಂದಿದ್ದರೆ ನಿಮಗೆ ಬೇಕಾದ ಉತ್ತರ ಅಲ್ಲಿಯೇ ಇದೆ.

ವೇದಿಕೆಯ ಹೊತ್ತಿನ ಬಗ್ಗೆ ನಿಮ್ಮ ದೂರು ಸರಿ. ಒಂದು ಅಂದಾಜು ಲೆಕ್ಕ ಹಾಕೋಣ. ಮೂವರು ಗಣ್ಯರಿಗೆ ತಲಾ ಎಂಟು ನಿಮಿಷ (ಪ್ರಶಂಸಾ ಪತ್ರ ಓದು, ಹುಡ್ ತೊಡಿಸುವುದು, ಫೋಟೊ) ಎಂದರೆ 24 ನಿಮಿಷ. 60 ಪದಕ ವಿಜೇತರಿಗೆ ತಲಾ 20 ಸೆಕೆಂಡು ಎಂದರೆ 20 ನಿಮಿಷ. ಪ್ರಶಂಸಾ ಪತ್ರವನ್ನು ಅಚ್ಚು ಹಾಕಿಸಿ ಹಂಚಿ, ವೇದಿಕೆಯಲ್ಲಿ ನಾಲ್ಕೇ ಸಾಲು ಓದಿದರೆ ಒಬ್ಬೊಬ್ಬರಿಗೆ ಐದು ನಿಮಿಷವಾದರೂ ಉಳಿಯುತ್ತದೆ. ಆ 15 ನಿಮಿಷದಲ್ಲಿ ಪ್ರತಿ ವಿದ್ಯಾರ್ಥಿಯ ಹೆಸರು, ಊರು, ವಿಷಯ ಮೂರನ್ನೂ ಸಾವಕಾಶವಾಗಿ ಓದಬಹುದು. ಹೊಳಲ್ಕೆರೆ ಎಂಬ ಹೆಸರು ಮೈಕಿನಲ್ಲಿ ಕೇಳಿದ್ದರೆ ನಿಮ್ಮ ಪತ್ರ ಇಷ್ಟು ಖಾರವಾಗಿರುತ್ತಿರಲಿಲ್ಲವೇನೋ.

ಮಗಳ ಪ್ರಮಾಣಪತ್ರದ ತಪ್ಪನ್ನು ಮಾತ್ರ ಮುಂದೂಡಬೇಡಿ. ಪಾಸ್‌ಪೋರ್ಟ್, ಉದ್ಯೋಗ, ಪಿಎಚ್.ಡಿ. ಪ್ರವೇಶ ಎಲ್ಲ ಕಡೆಯೂ ಅದು ಕಾಡುತ್ತದೆ. ತಿದ್ದುಪಡಿಗೆ ಕುಲಸಚಿವರು (ಮೌಲ್ಯಮಾಪನ) ಅವರಿಗೆ ವಿಭಾಗದ ಮುಖ್ಯಸ್ಥರ ಮೂಲಕ ಅರ್ಜಿ ಹೋಗಬೇಕು. ಹೆಸರಿಗೆ ಆಧಾರ ಎಸ್‌ಎಸ್‌ಎಲ್‌ಸಿ ಅಂಕಪಟ್ಟಿ, ಅದರ ದೃಢೀಕೃತ ಪ್ರತಿ ಇಡಿ. ಎಂ.ಎಸ್ಸಿ. ಅಂಕಪಟ್ಟಿಗಳಲ್ಲೂ ಅದೇ ತಪ್ಪಿದೆಯೇ ನೋಡಿ, ಇದ್ದರೆ ಅವನ್ನೂ ಒಟ್ಟಿಗೇ ಕೊಡಿ, ಇಲ್ಲದಿದ್ದರೆ ಎರಡು ಸಲ ಅಲೆಯಬೇಕಾಗುತ್ತದೆ. ಮೂಲ ಪ್ರಮಾಣಪತ್ರ ಒಪ್ಪಿಸುವ ಮೊದಲು ಎರಡೂ ಬದಿಯ ಬಣ್ಣದ ಜೆರಾಕ್ಸ್ ಇಟ್ಟುಕೊಳ್ಳಿ, ಸ್ವೀಕೃತಿಯ ಮೇಲೆ ಮುದ್ರೆ ಹಾಕಿಸಿಕೊಳ್ಳಿ. ಹೊಸದು ಕೈಗೆ ಬಂದಾಗ ಕೌಂಟರಿನಲ್ಲೇ ನಿಂತು ಒಂದೊಂದೇ ಅಕ್ಷರ ಓದಿ ನೋಡಿ. ಖುಷಿಗೆ ಲ್ಯಾಮಿನೇಷನ್ ಮಾಡಿಸಲು ಹೋಗಬೇಡಿ, ಮುಂದೆ ದೃಢೀಕರಣದ ಮುದ್ರೆ ಹಾಕಿಸುವುದಕ್ಕೆ ಕಷ್ಟವಾಗುತ್ತದೆ.