ಪೆಟ್ರೋಲಿಯಂ ಜೆಲ್ಲಿ ನನ್ನ ಚರ್ಮಕ್ಕೆ ಅಲರ್ಜಿಯೇ? ಮನೆಯಲ್ಲೇ ಪರೀಕ್ಷೆ ಮಾಡಿ ತಿಳಿಯುವುದು ಹೇಗೆ?

ತೋಟಕ್ಕೆ ಹೋಗುವ ಮುಂಚೆ ಕಾಲಿಗೆ ಪೆಟ್ರೋಲಿಯಂ ಜೆಲ್ಲಿ ಹಚ್ಚುತ್ತೀರಿ, ಸಂಜೆಗೆ ಕಾಲು ಕೆಂಪಾಗಿ ತುರಿಸುತ್ತದೆ, ಪೆಟ್ರೋಲಿನ ವಸ್ತು ತಾನೇ, ಅದೇ ಅಲರ್ಜಿ ಇರಬೇಕು ಎಂದು ಬರೆದಿದ್ದೀರಿ. ಉತ್ತರಕ್ಕೆ ಮುಂಚೆ ನನ್ನದೊಂದು ಪ್ರಶ್ನೆ. ಜೆಲ್ಲಿ ಹಚ್ಚಿದ ಮೇಲೆ ಕಾಲಿಗೆ ಏನು ಹಾಕುತ್ತೀರಿ? ಗಂಬೂಟು ಅಲ್ವಾ?

ನಮ್ಮದು ಸೋಮವಾರಪೇಟೆ ಕಡೆ ಸಣ್ಣ ಕಾಫಿ ತೋಟ. ಮಳೆ ಹಿಡಿದರೆ ಕೆಸರು, ಜಿಗಣೆ. ಗಂಬೂಟು ಇಲ್ಲದೆ ಕೆಳಗಿಳಿಯುವ ಹಾಗಿಲ್ಲ. ಒಂದು ಮಳೆಗಾಲ ಬೂಟಿನ ಬಾಯಿ ಉಜ್ಜಿ ಉಜ್ಜಿ ಮೀನಖಂಡ ತರಚಿ ಹೋಗಿತ್ತು. ಜೆಲ್ಲಿ ಹಚ್ಚಿಕೊಂಡು ಬೂಟು ಹಾಕಿ ಅಂತ ಯಾರೋ ಹೇಳಿದರು. ಹಚ್ಚಿದೆ. ಮೊದಮೊದಲು ಏನೂ ತೊಂದರೆ ಇರಲಿಲ್ಲ. ಕೆಲವು ವಾರ ಆದ ಮೇಲೆ ಪಾದದ ಮೇಲೆ, ಮೀನಖಂಡದ ಸುತ್ತ ಕೆಂಪು ಬಂತು. ಆಮೇಲೆ ಸಣ್ಣ ಗುಳ್ಳೆ, ನೀರು, ರಾತ್ರಿಯೆಲ್ಲಾ ತುರಿಕೆ.

ನಮ್ಮ ಅತ್ತೆ ಒಂದೇ ಮಾತಲ್ಲಿ ತೀರ್ಪು ಕೊಟ್ಟರು. "ಪೆಟ್ರೋಲ್ ಬಳ್ಕೊಂಡ್ರೆ ಚರ್ಮ ಉಳಿಯುತ್ತಾ?"

ನಾನು ಅಷ್ಟು ಸುಲಭಕ್ಕೆ ಒಪ್ಪುವವನಲ್ಲ. ಪರೀಕ್ಷೆ ಮಾಡಿಯೇ ನೋಡೋಣ ಅಂತ ಹೊರಟೆ. ಕೆಲಸದ ದಿನ ಜೆಲ್ಲಿ ಹಚ್ಚಿದರೆ ತುರಿಕೆ. ಭಾನುವಾರ ಹಚ್ಚದಿದ್ದರೆ ಕಡಿಮೆ. ಸೋಮವಾರ ಮತ್ತೆ ಹಚ್ಚಿದರೆ ಮತ್ತೆ ತುರಿಕೆ. ಪ್ರತಿ ಸಲವೂ ಒಂದೇ ಫಲಿತಾಂಶ. ಇದಕ್ಕಿಂತ ಸಾಕ್ಷಿ ಇನ್ನೇನು ಬೇಕು ಹೇಳಿ?

ನಾನು ಕೆಟ್ಟದ್ದು ಇಲ್ಲೇ. ಸ್ವಲ್ಪ ಉದ್ದ ಹೇಳುತ್ತೇನೆ, ಬೇಜಾರು ಮಾಡ್ಕೋಬೇಡಿ. ಭಾನುವಾರ ನಾನು ಬಿಟ್ಟಿದ್ದು ಜೆಲ್ಲಿ ಒಂದನ್ನೇ ಅಲ್ಲ. ಬೂಟನ್ನೂ ಬಿಟ್ಟಿದ್ದೆ. ಬೂಟಿಗಾಗಿಯೇ ಜೆಲ್ಲಿ ಹಚ್ಚುತ್ತಿದ್ದದ್ದು, ಹಾಗಾಗಿ ಬೂಟು ಇಲ್ಲದ ದಿನ ಜೆಲ್ಲಿಯೂ ಇಲ್ಲ. ಎರಡೂ ಒಟ್ಟಿಗೆ ಬರುತ್ತಿದ್ದವು, ಒಟ್ಟಿಗೆ ಹೋಗುತ್ತಿದ್ದವು. ನಾನು ಮಾತ್ರ ಒಂದರ ಲೆಕ್ಕ ಬರೆದುಕೊಳ್ಳುತ್ತಿದ್ದೆ. ಬೂಟಿನೊಳಗಿನ ಬೆವರು, ಒದ್ದೆ ಕಾಲ್ಚೀಲ, ಉಜ್ಜಾಟ ಇವೂ ಅದರ ಜೊತೆಗೇ. ಇಷ್ಟೆಲ್ಲಾ ಬದಲಾಗುವ ಜಾಗದಲ್ಲಿ, ಅದೂ ಆಗಲೇ ಕೆರಳಿ ಕೂತ ಚರ್ಮದ ಮೇಲೆ, ಒಂದು ವಸ್ತುವಿನ ಪರೀಕ್ಷೆ ಮಾಡಿದರೆ ಏನು ಗೊತ್ತಾಗುತ್ತದೆ? ಕೆರಳಿದ ಚರ್ಮಕ್ಕೆ ಏನು ಹಚ್ಚಿದರೂ ಉರಿಯಬಹುದು. ಅದೇ ಜೆಲ್ಲಿಯನ್ನು ಕೈಗೆ ಹಚ್ಚಿ ನೋಡಿದ್ದರೆ ಮುಗಿದಿತ್ತು. ಜೆಲ್ಲಿ ಇಲ್ಲದೆ ಬೂಟು ಹಾಕಿ ನೋಡಿದ್ದರೂ ಮುಗಿದಿತ್ತು. ಎರಡನ್ನೂ ಮಾಡಲಿಲ್ಲ.

ಡಬ್ಬಿ ಎಸೆದೆ. ಕೊಬ್ಬರಿ ಎಣ್ಣೆಗೆ ಬಂದೆ, ತುರಿಕೆ ಹೋಗಲಿಲ್ಲ. ಜೆಲ್ಲಿಯ ವಿಷ ಒಳಗೆ ಉಳಿದಿರಬೇಕು ಅಂತ ನನಗೆ ನಾನೇ ಸಮಾಧಾನ ಹೇಳಿಕೊಂಡೆ! ಮೆಡಿಕಲ್ ಶಾಪಿನಲ್ಲಿ ಒಂದು ಟ್ಯೂಬ್ ಕೊಟ್ಟರು. ಸ್ಟೀರಾಯ್ಡ್, ಆಂಟಿಬಯಾಟಿಕ್, ಹುಳುಕಡ್ಡಿ ಔಷಧಿ ಎಲ್ಲಾ ಸೇರಿಸಿದ ಕ್ರೀಮು. ಹಚ್ಚಿದಾಗ ಕಡಿಮೆ, ಬಿಟ್ಟಾಗ ಎರಡರಷ್ಟು. ಕಾಫಿ ಕುಯ್ಲಿನ ಹೊತ್ತಿಗೆ ಪಾದದ ಮೇಲಿನ ಚರ್ಮ ದಪ್ಪಗಾಗಿ ಕಪ್ಪಾಗಿತ್ತು. ಕಣದ ಕೆಲಸ ಬೇರೆಯವರಿಗೆ ಬಿಟ್ಟು ಜಗಲಿಯಲ್ಲಿ ಕಾಲು ಚಾಚಿ ಕೂತೆ. ಆ ವರ್ಷದ ಕೂಲಿ ಲೆಕ್ಕ ಈಗಲೂ ನೆನೆಸಿಕೊಳ್ಳಲು ಇಷ್ಟವಿಲ್ಲ.

ಕೊನೆಗೆ ಮೈಸೂರಿಗೆ ಹೋಗಿ ಚರ್ಮದ ಡಾಕ್ಟರಿಗೆ ತೋರಿಸಿದೆ. ಅವರು ಮೊದಲು ನೋಡಿದ್ದು ಬೆರಳ ಸಂದಿ. ಅಲ್ಲಿ ಚರ್ಮ ಚೆನ್ನಾಗಿಯೇ ಇತ್ತು. ಮಳೆಗಾಲದಲ್ಲಿ ನಮಗೆ ಬರುವ ಫಂಗಸ್ ಸಾಮಾನ್ಯವಾಗಿ ಬೆರಳ ಸಂದಿಯಲ್ಲಿ ಕೊಳೆಸುತ್ತದೆ. ಪಾದರಕ್ಷೆಯ ಅಲರ್ಜಿ ಸಂದಿಯನ್ನು ಬಿಟ್ಟು ಪಾದದ ಮೇಲ್ಭಾಗವನ್ನು ಹಿಡಿಯುತ್ತದೆ. ಬೂಟಿನ ಬಾಯಿ ತಾಗುವ ಕಡೆ ಒಂದು ಗೆರೆಯ ಹಾಗೆ ಕೆಂಪಿತ್ತು. ಅದನ್ನು ಬೆರಳಲ್ಲಿ ತೋರಿಸಿ ಕೇಳಿದರು, "ಇಷ್ಟು ನೇರವಾಗಿ ಜೆಲ್ಲಿ ಹಚ್ಚುತ್ತೀರಾ?"

ಆಮೇಲೆ ಪ್ಯಾಚ್ ಟೆಸ್ಟ್. ಪುಟ್ಟ ಪುಟ್ಟ ಬಿಲ್ಲೆಗಳಲ್ಲಿ ಒಂದೊಂದು ವಸ್ತು ಇಟ್ಟು ಬೆನ್ನಿಗೆ ಅಂಟಿಸುತ್ತಾರೆ. 48 ಗಂಟೆ ಬಿಟ್ಟು ತೆಗೆದು ನೋಡುತ್ತಾರೆ. ಒಂದೆರಡು ದಿನ ಬಿಟ್ಟು ಇನ್ನೊಮ್ಮೆ ನೋಡುತ್ತಾರೆ. ಈ ಅಲರ್ಜಿ ನಿಧಾನಕ್ಕೆ ಎದ್ದೇಳುವ ಜಾತಿ, ಅದಕ್ಕೇ ಅಷ್ಟು ಹೊತ್ತು. ಇದು ರಕ್ತ ಪರೀಕ್ಷೆಯಲ್ಲಿ ಸಿಗುವುದಿಲ್ಲ. ಅಲರ್ಜಿ ಪ್ಯಾಕೇಜು ಅಂತ ಲ್ಯಾಬಿಗೆ ದುಡ್ಡು ಸುರಿಯಬೇಡಿ. ನಮ್ಮ ದೇಶದಲ್ಲಿ ಬಳಸುವ ಇಂಡಿಯನ್ ಸ್ಟ್ಯಾಂಡರ್ಡ್ ಸೀರೀಸ್ ಕಿಟ್ಟಿನಲ್ಲಿ ನಿಕಲ್, ಪಾರ್ಥೇನಿಯಂ, ಹೇರ್ ಡೈಯ ರಾಸಾಯನಿಕ, ಸುವಾಸನೆಯ ಮಿಶ್ರಣ, ನಿಯೋಮೈಸಿನ್ ಎಂಬ ಆಂಟಿಬಯಾಟಿಕ್, ರಬ್ಬರಿನ ರಾಸಾಯನಿಕಗಳು ಎಲ್ಲಾ ಇರುತ್ತವೆ. ನನ್ನ ಬೆನ್ನಿನಲ್ಲಿ ಎದ್ದದ್ದು ಮರ್ಕ್ಯಾಪ್ಟೋಬೆಂಜೋಥಯಜೋಲ್. ಹೆಸರು ಕಲಿಯಲು ಒಂದು ವಾರ ಬೇಕು. ರಬ್ಬರನ್ನು ಗಂಧಕ ಹಾಕಿ ಗಟ್ಟಿ ಮಾಡುವಾಗ ಆ ಕೆಲಸ ಬೇಗ ಆಗಲಿ ಅಂತ ಬೆರೆಸುತ್ತಾರಂತೆ. ನನ್ನ ಗಂಬೂಟು ರಬ್ಬರಿನದೇ.

ಜೆಲ್ಲಿಯ ಬಿಲ್ಲೆ ಯಾವುದು ಎಂದು ಕೇಳಿದೆ. ಡಾಕ್ಟರು ನಕ್ಕರು. ಹೆಚ್ಚಿನ ಬಿಲ್ಲೆಗಳಲ್ಲಿ ಆ ರಾಸಾಯನಿಕಗಳನ್ನು ಕಲಸಿರುವುದೇ ಬಿಳಿ ಪೆಟ್ರೋಲಿಯಂ ಜೆಲ್ಲಿಯಲ್ಲಿ! ಒಂದು ಬಿಲ್ಲೆಯಲ್ಲಿ ಬರೀ ಜೆಲ್ಲಿಯನ್ನೇ ಇಟ್ಟಿರುತ್ತಾರೆ, ಹೋಲಿಸಿ ನೋಡಲು. ನನ್ನ ಬೆನ್ನಿನಲ್ಲಿ ಆ ಜಾಗ ಸ್ವಚ್ಛವಾಗಿತ್ತು.

ಹಾಗಾಗಿ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ಕಚ್ಚಾತೈಲದಿಂದ ಬಂದದ್ದು ನಿಜ. ಅಮೆರಿಕದ ಎಣ್ಣೆ ಬಾವಿಗಳ ಕೊಳವೆಗೆ ಮೆತ್ತಿಕೊಳ್ಳುತ್ತಿದ್ದ ಜಿಡ್ಡನ್ನು ಕೆಲಸಗಾರರು ಗಾಯಕ್ಕೆ ಬಳಿದುಕೊಳ್ಳುವುದನ್ನು ನೋಡಿ ರಾಬರ್ಟ್ ಚೆಸ್‌ಬ್ರೋ ಅದನ್ನು ಶುದ್ಧಮಾಡಿ 1872ರಲ್ಲಿ ಪೇಟೆಂಟ್ ಪಡೆದ. ಆದರೆ ಚೆನ್ನಾಗಿ ಶುದ್ಧಮಾಡಿದ ಬಿಳಿ ಜೆಲ್ಲಿಗೆ ಅಲರ್ಜಿ ಆಗುವುದು ತುಂಬಾ ಅಪರೂಪ. ಇಲ್ಲವೇ ಇಲ್ಲ ಅನ್ನುವ ಹಾಗಿಲ್ಲ, ಆದರೆ ಪಟ್ಟಿಯಲ್ಲಿ ಕೊನೆಗೆ ಇಡಿ. ಮೊದಲು ಬೂಟು, ಆಮೇಲೆ ನಿಮ್ಮ ಡಬ್ಬಿಯ ಲೇಬಲ್. ಪರ್ಫ್ಯೂಮ್, ಫ್ರಾಗ್ರೆನ್ಸ್, ಲ್ಯಾನೋಲಿನ್ (ಕುರಿ ಉಣ್ಣೆಯ ಜಿಡ್ಡು) ಅಂತಿದ್ದರೆ ಅನುಮಾನ ಅವುಗಳ ಮೇಲೆ ಬರಲಿ. 'ನ್ಯಾಚುರಲ್' ಅಂತ ಹಸಿರು ಎಲೆ ಚಿತ್ರ ಹಾಕಿದ ಘಮಘಮ ಮುಲಾಮಿಗೆ ಓಡಬೇಡಿ, ಅಲರ್ಜಿ ಮಾಡುವ ಸಾಧ್ಯತೆ ಅದರಲ್ಲೇ ಜಾಸ್ತಿ. ಇನ್ನು ಬೆವರುವ ಚರ್ಮಕ್ಕೆ ಜೆಲ್ಲಿ ದಪ್ಪಗೆ ಮೆತ್ತಿದರೆ ಬೆವರುಗುಳ್ಳೆ ಬರಬಹುದು. ಅದು ಅಲರ್ಜಿ ಅಲ್ಲ.

ಆದರೂ ಪರೀಕ್ಷೆ ಮಾಡಲೇಬೇಕು ಅಂದರೆ ಮಾಡಿ, ಕಾಲಿನ ಮೇಲೆ ಮಾತ್ರ ಬೇಡ. ಮೊಣಕೈ ಮಡಚುವ ಜಾಗದ ಹತ್ತಿರ, ಮುಂಗೈ ಒಳಭಾಗದಲ್ಲಿ, ಆರೋಗ್ಯವಾಗಿರುವ ಚರ್ಮದ ಮೇಲೆ ಒಂದು ನಾಣ್ಯದಷ್ಟು ಜಾಗಕ್ಕೆ ಹಚ್ಚಿ. ದಿನಕ್ಕೆ ಎರಡು ಸಲ, ಅದೇ ಜಾಗಕ್ಕೆ, 7ರಿಂದ 10 ದಿನ. ಮೊದಲ ದಿನ ಏನೂ ಆಗಲಿಲ್ಲ ಅಂತ ನಿಲ್ಲಿಸಬೇಡಿ. ಮೇಲೆ ಪ್ಲಾಸ್ಟರ್ ಅಂಟಿಸಬೇಡಿ, ಅದರ ಅಂಟಿಗೇ ಎಷ್ಟೋ ಜನರ ಚರ್ಮ ಕೆಂಪಾಗುತ್ತದೆ, ಆಮೇಲೆ ಕಳ್ಳ ಯಾರು ಅಂತ ಹುಡುಕಬೇಕು. ಅಷ್ಟು ದಿನ ಆ ಜಾಗಕ್ಕೆ ಬೇರೆ ಏನೂ ತಾಗಿಸಬೇಡಿ. ಕೆಂಪು, ಗುಳ್ಳೆ, ತುರಿಕೆ ಬಂದರೆ ತೊಳೆದು ನಿಲ್ಲಿಸಿ, ಫೋಟೋ ತೆಗೆದಿಡಿ. ಏನೂ ಬರದಿದ್ದರೆ ಪಾಪ ಆ ಡಬ್ಬಿಯನ್ನು ಬಿಟ್ಟುಬಿಡಿ. ಮುಖ ಊದಿಕೊಂಡರೆ, ಉಸಿರು ಕಟ್ಟಿದರೆ ಈ ಯಾವ ಪರೀಕ್ಷೆಯೂ ಅಲ್ಲ, ಸೀದಾ ಆಸ್ಪತ್ರೆ. ಬೂಟಿನ ತುಂಡು ಕತ್ತರಿಸಿ ಮೈಗೆ ಕಟ್ಟಿಕೊಳ್ಳುವ ಸಾಹಸ ಮನೆಯಲ್ಲಿ ಬೇಡ.

ನಾನೀಗ ರಬ್ಬರ್ ಬಿಟ್ಟು ಪಿವಿಸಿ ಅನ್ನುವ ಪ್ಲಾಸ್ಟಿಕ್ಕಿನ ಬೂಟು ಹಾಕುತ್ತೇನೆ, ಒಳಗೆ ದಪ್ಪ ಹತ್ತಿ ಕಾಲ್ಚೀಲ. ಕೊಳ್ಳುವಾಗ ಅಂಗಡಿಯವರು ಎಲ್ಲಾ ಒಂದೇ ಸಾರ್ ಅಂತಾರೆ, ನಂಬಬೇಡಿ, ಪಿವಿಸಿ ಅಂತ ಬರೆದದ್ದನ್ನು ನೋಡಿ ತಗೊಳ್ಳಿ. ಕಾಲಿಗೆ ಮೆಡಿಕಲ್‌ನಲ್ಲಿ ಸಿಗುವ ವೈಟ್ ಸಾಫ್ಟ್ ಪ್ಯಾರಾಫಿನ್ ಐಪಿ (ಐಪಿ ಅಂದರೆ ಇಂಡಿಯನ್ ಫಾರ್ಮಾಕೋಪಿಯಾ, ನಮ್ಮ ದೇಶದ ಔಷಧಿ ಗುಣಮಟ್ಟ) ಹಚ್ಚುತ್ತೇನೆ. ಹೌದು, ಅದೂ ಪೆಟ್ರೋಲಿಯಂ ಜೆಲ್ಲಿಯೇ. ಅತ್ತೆಗೆ ಹೇಳಿಲ್ಲ.

ಬೂಟು ಬದಲಾಯಿಸಿದರೂ ಕಡಿಮೆಯಾಗದಿದ್ದರೆ ಪ್ಯಾಚ್ ಟೆಸ್ಟ್ ಮಾಡಿಸಿ. ಎಲ್ಲಾ ಕಡೆ ಮಾಡುವುದಿಲ್ಲ, ಫೋನ್ ಮಾಡಿ ಕೇಳಿಕೊಂಡೇ ಹೋಗಿ. ಸೋಮವಾರ ಅಂಟಿಸಿದರೆ ಬುಧವಾರ ಒಮ್ಮೆ, ಗುರುವಾರ ಅಥವಾ ಶುಕ್ರವಾರ ಇನ್ನೊಮ್ಮೆ ನೋಡಬೇಕಾಗುತ್ತದೆ. ಮೈಸೂರಲ್ಲಿ ನೆಂಟರಿದ್ದರೆ ಅಲ್ಲೇ ಉಳಿದುಕೊಳ್ಳಿ. ಬೆನ್ನು ನೆನೆಯಬಾರದು, ಬೆವರಬಾರದು, ಮೂಟೆ ಹೊರುವ ಕೆಲಸ ಆ ವಾರ ಬೇಡ. ಸ್ಟೀರಾಯ್ಡ್ ಮಾತ್ರೆ ತಗೊಳ್ಳುತ್ತಿದ್ದರೆ ಮುಂಚೆಯೇ ಹೇಳಿ. ಹೋಗುವಾಗ ಜೆಲ್ಲಿ ಡಬ್ಬಿ, ಹಚ್ಚಿದ ಟ್ಯೂಬುಗಳು, ಹಳೇ ಬೂಟು ಎಲ್ಲಾ ಒಂದು ಚೀಲದಲ್ಲಿ ಹಾಕಿಕೊಳ್ಳಿ. ಬೇಕಾದರೆ ಡಾಕ್ಟರೇ ಬೂಟಿನ ಚೂರು ತೆಗೆದು ಬೆನ್ನಿಗೆ ಹಚ್ಚಿ ನೋಡುತ್ತಾರೆ. ಬೂಟನ್ನು ತೊಳೆದುಕೊಂಡು ಹೋಗಿ ಮಾರಾಯ್ರೆ, ಬಸ್ಸಿನಲ್ಲಿ ಪಕ್ಕದಲ್ಲಿ ಜನ ಕೂರಬೇಕಲ್ಲ.